ಭರಣಿಯ ಕೆಳಗಿದ್ದ ಹೆಸರು

ಇಂಥ ಬರಹಗಳನ್ನು ನಾನು ಹಿಂದೆ ಓದುತ್ತಿದ್ದದ್ದೇ ನಗುವುದಕ್ಕೆ. ಬಾವಿಯೊಳಗಿಂದ ಯಾರೋ ಕರೆದರು, ಖಾಲಿ ತೊಟ್ಟಿಲು ತಾನೇ ತೂಗಿತು, ತೀರಿಹೋದ ಅಜ್ಜ ಬಸ್ ಸ್ಟ್ಯಾಂಡಿನಲ್ಲಿ ಕಂಡ ಎಂದು ಯಾರಾದರೂ ಬರೆದರೆ, ಪಾಪ, ಹಿಂದಿನ ದಿನ ಸರಿಯಾಗಿ ನಿದ್ದೆ ಆಗಿರಲಿಕ್ಕಿಲ್ಲ ಎಂದು ಪುಟ ತಿರುಗಿಸುತ್ತಿದ್ದೆ. ದಾವಣಗೆರೆಯಲ್ಲಿ ನಮ್ಮತ್ತೆ ಅಮಾವಾಸ್ಯೆಯ ಕಥೆ ಹೇಳಲು ಕುಳಿತರೆ, "ಅತ್ತೀ, ನೀವು ಕಣ್ಣಾರೆ ನೋಡೀರೋ, ಯಾರೋ ಹೇಳಿದ್ದೋ?" ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದೆ. "ನಿನಗ ಏನು ಹೇಳಿದ್ರೂ ಅಷ್ಟೇ ಬಿಡವ್ವಾ" ಎಂದು ಅವರು ಎದ್ದು ಹೋಗುತ್ತಿದ್ದರು.

ನನ್ನ ಕೆಲಸವೂ ಅಂಥದ್ದೇ. ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ತೋರಿಸುವುದಕ್ಕೇ ನನಗೆ ಸಂಬಳ. ನಮ್ಮಲ್ಲಿ ಒಂದು ನಿಯಮ ಇದೆ. ಕಂಡ ತಪ್ಪನ್ನು ಎರಡನೇ ಸಲ ಮಾಡಿ ತೋರಿಸಬೇಕು. ತೋರಿಸಲು ಆಗದಿದ್ದರೆ ಅದು ತಪ್ಪೇ ಅಲ್ಲ, ನಿನ್ನ ಭ್ರಮೆ, ಹೋಗಿ ಕಾಫಿ ಕುಡಿ ಎನ್ನುತ್ತಾರೆ. ಈ ನಿಯಮವನ್ನು ನಾನು ದೆವ್ವ ಭೂತಗಳಿಗೂ ಹಚ್ಚುತ್ತಿದ್ದೆ.

ಈಗ ಹೇಳಲಿರುವುದು ಏಳು ವರ್ಷದ ಹಿಂದೆ, ಬ್ರೂಕ್‌ಫೀಲ್ಡಿನ ನಮ್ಮ ಫ್ಲ್ಯಾಟಿನಲ್ಲಿ, ಒಂದು ಶನಿವಾರ, ಒಳ್ಳೆ ಬಿಸಿಲಿದ್ದ ಹೊತ್ತಿನಲ್ಲಿ ನಡೆದದ್ದು. ಅದನ್ನು ನಾನು ಒಂದು ಸಲ ಅಲ್ಲ, ಹತ್ತು ಸಲ ಮಾಡಿ ನೋಡಿದೆ. ಹತ್ತು ಸಲವೂ ಆಯಿತು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳದೆ ಇದ್ದದ್ದು ಹೆದರಿಕೆಯಿಂದ ಎಂದುಕೊಳ್ಳಬೇಡಿ. ನಾಚಿಕೆಯಿಂದ.

ಮದುವೆಯಾದ ಹೊಸತರಲ್ಲಿ ನಾವು ರಾಜಗೋಪಾಲನಗರದಲ್ಲಿ ಬಾಡಿಗೆಗಿದ್ದೆವು. ನಮ್ಮ ಮನೆಯವರಿಗೆ ಆಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ. ಮೊದಲನೇ ಮಹಡಿಯಲ್ಲಿ ಎದುರುಬದುರು ಎರಡು ಮನೆ. ಒಂದರಲ್ಲಿ ನಾವು, ಇನ್ನೊಂದರಲ್ಲಿ ಮಂಗಳಕ್ಕ. ಕುಣಿಗಲ್ ಕಡೆಯವರು, ಗಂಡ ಇರಲಿಲ್ಲ, ಪೀಣ್ಯದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕ್ಕರ್ ಆಗಿದ್ದರು. ಸಾಲಾಗಿ ಕೂತ ಹೆಂಗಸರು ಹೊಲಿದ ಶರ್ಟುಗಳು ಕೊನೆಗೆ ಇವರ ಮೇಜಿಗೆ ಬರುತ್ತಿದ್ದವು. ಟ್ಯೂಬ್‌ಲೈಟಿನ ಕೆಳಗೆ ಹರಡಿ ನೋಡಿ, ಹೊಲಿಗೆ ಬಿಟ್ಟಿದ್ದರೆ, ಗುಂಡಿ ಓರೆಯಾಗಿದ್ದರೆ, ಅಲ್ಲಿಗೆ ಒಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ಕಿರುಬೆರಳ ಉಗುರಿನಷ್ಟು ಬಾಣ, ಅದರ ತುದಿ ತಪ್ಪಿನ ಕಡೆಗಿರಬೇಕು. ಆ ಶರ್ಟು 'ಆಲ್ಟ್ರೇಷನ್' ಎಂದು ಹೊಲಿದವಳ ಹತ್ತಿರವೇ ವಾಪಸು ಹೋಗುತ್ತಿತ್ತು.

ಸಂಜೆ ಮನೆಗೆ ಬರುವಾಗ ಮಂಗಳಕ್ಕನ ಮುಂಗೈ ಮೇಲೆ, ಸೆರಗಿನ ಮೇಲೆ ಒಂದಷ್ಟು ಬಾಣ ಅಂಟಿಕೊಂಡೇ ಇರುತ್ತಿದ್ದವು. ನನ್ನನ್ನು ರೇಗಿಸಲು ಅವರಿಗೆ ಅಷ್ಟು ಸಾಕಾಗಿತ್ತು. ದಾವಣಗೆರೆಯವಳು ಎಂದು ಹೇಳಿಕೊಳ್ಳುವುದಷ್ಟೇ, ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ, ಅಂಚು ಹರಿಯುತ್ತಿತ್ತು. ಮಂಗಳಕ್ಕ ಬಂದು ಹರಿದ ಜಾಗಕ್ಕೆ ಸರಿಯಾಗಿ ತಟ್ಟೆಯ ಅಂಚಿಗೊಂದು ಬಾಣ ಅಂಟಿಸಿ, "ಆಲ್ಟ್ರೇಷನ್ನು ಕಣಮ್ಮೋ, ವಾಪಸ್ ಕಳ್ಸು ನಿಮ್ಮತ್ತೆ ತಾವ್ಕೆ" ಎಂದು ನಗುತ್ತಿದ್ದರು. ನಾನು ಕೆಲಸಕ್ಕೆ ಸೇರಿದಾಗ, ಟೆಸ್ಟರ್ ಎಂದರೇನು ಎಂದು ಪೂರ್ತಿ ಕೇಳಿ ತಿಳಿದುಕೊಂಡು, "ಅಯ್ಯೋ, ಇಷ್ಟ್ ಓದಿ ನೀನೂ ಚೆಕ್ಕರ್ರೇ ಆದಾ?" ಎಂದರು.

ಮಗಳು ಹುಟ್ಟಿದ ವರ್ಷ, ವಾರಕ್ಕೆ ಒಂದೇ ರಜೆ ಇದ್ದ ಆ ಹೆಂಗಸು, ಪ್ರತಿ ಭಾನುವಾರ ಬೆಳಗ್ಗೆ ನಮ್ಮ ಮನೆಗೆ ಬಂದು ನನ್ನ ಕೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ್ದು ಯಾರೋ ಗುರುತಿಲ್ಲದವರಿಗೆ ಮಾಡಿದ್ದಲ್ಲ ಎನ್ನುವುದು ನಿಮಗೆ ಗೊತ್ತಿರಲಿ.

ನಾವು ಬ್ರೂಕ್‌ಫೀಲ್ಡಿಗೆ ಬಂದ ಕೆಲವು ವರ್ಷಕ್ಕೆ ಅವರ ಫ್ಯಾಕ್ಟರಿ ಮುಚ್ಚಿತು. ಮಂಗಳಕ್ಕ ಅದೇ ಮನೆಯಲ್ಲಿ ಸೀರೆಗೆ ಫಾಲ್ ಹಾಕುವ ಕೆಲಸ ಹಿಡಿದರು. ಒಮ್ಮೆ ನೋಡಲು ಹೋದಾಗ ಬೀರುವಿನಿಂದ ಒಂದು ಪುಸ್ತಕ ತೆಗೆದು ನನ್ನ ತೊಡೆಯ ಮೇಲಿಟ್ಟರು. ಮಕ್ಕಳ ಎರಡು ಡ್ರಾಯಿಂಗ್ ಪುಸ್ತಕ ಸೇರಿಸಿ ದಪ್ಪ ದಾರದಲ್ಲಿ ಹೊಲಿದದ್ದು. ಒಂದೊಂದು ಹಾಳೆಗೂ ಒಂದೊಂದು ಬಟ್ಟೆ ಚೂರು ಅಂಟಿಸಿದ್ದರು. ಎಲ್ಲಾ ರಿಜೆಕ್ಟಾದ ಶರ್ಟುಗಳಿಂದ ಕತ್ತರಿಸಿಕೊಂಡವು. ಚೂರಿನ ಕೆಳಗೆ ನೀಲಿ ಪೆನ್ನಿನಲ್ಲಿ ಒಂದು ಸಾಲು, ಬಲಗಡೆ ಕೆಳಗಿನ ಮೂಲೆಯಲ್ಲಿ ಒಂದು ಹೆಸರು.

"ಕರೆಂಟ್ ಹೋಗಿ ಅರ್ಧ ಗಂಟೆ ಎಲ್ಲರೂ ಅವರವರ ಕೈ ನೋಡಿಕೊಂಡು ಕೂತಿದ್ದೆವು" ಎಂಬ ಸಾಲಿನ ಮೂಲೆಯಲ್ಲಿ ನಾಗರತ್ನ. "ಇವಳ ಮಗ ನಡೆದ ಅಂತ ಮಧ್ಯಾಹ್ನ ಸುದ್ದಿ ಬಂತು, ಹೊಲಿಗೆ ಓಡಿಬಿಟ್ಟಿದೆ" ಎಂಬಲ್ಲಿ ಶಬೀನಾ. ಆ ಹೆಸರುಗಳು ಹೊಲಿದವರವು. ಫ್ಯಾಕ್ಟರಿಯಲ್ಲಿ ಅವರಿಗೆಲ್ಲ ಟೋಕನ್ ನಂಬರು. ಮಂಗಳಕ್ಕ ಇಡೀ ದಿನ ಸ್ಲಿಪ್ಪಿನ ಮೇಲೆ ನಂಬರು ಬರೆದು, ಮನೆಗೆ ಬಂದು ಈ ಪುಸ್ತಕದಲ್ಲಿ ಹೆಸರು ಬರೆಯುತ್ತಿದ್ದರಂತೆ. ಎಷ್ಟೋ ಸಂಜೆ ಅವರ ಮನೆಯಲ್ಲಿ ಕೂತು ಕಾಫಿ ಕುಡಿದಿದ್ದೇನೆ, ನನಗೆ ಇದರ ಸುಳಿವೇ ಇರಲಿಲ್ಲ.

ಒಂದು ಹಾಳೆಯನ್ನು ಮಾತ್ರ ಅವರು ತಾವೇ ತೆಗೆದು ತೋರಿಸಿದರು. ಬೂದು ಬಣ್ಣದ ಮೇಲೆ ತೆಳು ನೀಲಿ ಗೆರೆಯ ಬಟ್ಟೆ, ಜೇಬು ಹೊಲಿದ ಭಾಗ. ಕೆಳಗೆ "ಇದು ಸರಿಯಾಗಿತ್ತು. ತಪ್ಪು ನನ್ನದು" ಎಂದಿತ್ತು. ಮೂಲೆಯ ಹೆಸರು ಜಯಂತಿ.

ಅದರ ಕಥೆ ಇಷ್ಟು. ಜೇಬಿನ ಗೆರೆ ಶರ್ಟಿನ ಗೆರೆಗೆ ಕೂಡಿಲ್ಲ ಎಂದು ಮಂಗಳಕ್ಕ ಆ ಶರ್ಟಿಗೆ ಬಾಣ ಅಂಟಿಸಿದ್ದರು. ಸೂಪರ್‌ವೈಸರ್ ಅದನ್ನು ಎಲ್ಲರ ಎದುರು ಜಯಂತಿಯ ಮುಖಕ್ಕೆ ಎಸೆದು ಬಾಯಿಗೆ ಬಂದ ಹಾಗೆ ಬೈದ. ಆ ಹುಡುಗಿ ಊಟದ ಚೀಲ ಎತ್ತಿಕೊಂಡು ಹೋದಳು, ಮತ್ತೆ ಬರಲಿಲ್ಲ. ಸಂಜೆ ಕಿಟಕಿಯ ಬೆಳಕಿನಲ್ಲಿ ಮಂಗಳಕ್ಕ ಆ ಶರ್ಟು ಹಿಡಿದು ನೋಡಿದರೆ ಗೆರೆಗೆ ಗೆರೆ ಕೂಡಿತ್ತು. ಟ್ಯೂಬ್‌ಲೈಟಿನಲ್ಲಿ ಕಣ್ಣು ಸೋತು ತಪ್ಪು ನೋಡಿದ್ದರು. ಜಯಂತಿಯ ಊರು, ವಿಳಾಸ, ಫೋನು ಯಾವುದೂ ಅವರಿಗೆ ಗೊತ್ತಿರಲಿಲ್ಲ.

"ನಿಂತಾವ ಕ್ಯಾಮ್ರಾ ಅದೆ, ಕಂಪ್ಯೂಟ್ರು ಅದೆ" ಎಂದರು. "ಇವ್ನೆಲ್ಲಾ ಫೋಟೋ ತೆಗ್ದು ಅದೇನೋ ಎಲ್ಲಾರೂ ನೋಡ್ತಾರಲ್ಲ, ಅಲ್ಲಿಗಾಕು. ನನ್ ಎಸ್ರು ಬ್ಯಾಡ. ಈ ಎಣ್ಣುಮಕ್ಳ ಎಸ್ರು ಕಾಣಂಗಾಕು. ಎಲ್ಲೆಲ್ಲವ್ರೋ, ಕಂಡ್ರೆ ಗುರುತಿಡೀತಾರೆ. ಜಯಂತಿ ಒಬ್ಳು ನೋಡ್ಬುಟ್ರೆ ಸಾಕು ನಂಗೆ."

ಹಾಕುತ್ತೇನೆ ಅಕ್ಕ ಎಂದೆ. ನಿಜವಾಗಿಯೂ ಹಾಕಬೇಕೆಂದೇ ಪುಸ್ತಕ ಮನೆಗೆ ತಂದೆ.

ಆ ಕಾಲಕ್ಕೆ ನಾನು ಒಂದು ಆನ್‌ಲೈನ್ ಗುಂಪಿನಲ್ಲಿದ್ದೆ. ಹೂವು, ಚಿತ್ರ, ಬಟ್ಟೆ ಚೂರು ಅಂಟಿಸಿ ಸ್ಕ್ರ್ಯಾಪ್‌ಬುಕ್ ಮಾಡುವ ಹೆಂಗಸರ ಗುಂಪು. ನಮ್ಮ ಅಪಾರ್ಟ್‌ಮೆಂಟಿನವರೇ ಐದಾರು ಜನ ಅದರಲ್ಲಿದ್ದರು. ಒಬ್ಬರು ಒಣಗಿದ ಹೂವಿನ ಪುಟ ಹಾಕುತ್ತಿದ್ದರು, ಇನ್ನೊಬ್ಬರು ಅಜ್ಜಿಯ ಕಸೂತಿಯ ಪುಟ. ಲಿಫ್ಟಿನಲ್ಲಿ ಸಿಕ್ಕರೂ ಅದೇ ಮಾತು. "ನೀವ್ಯಾಕೆ ಏನೂ ಹಾಕಲ್ಲ?" ಎಂದು ಕೇಳಿದರೆ ನಾನು ಹಲ್ಲು ಕಿರಿದು ನನ್ನ ಮಹಡಿಯಲ್ಲಿ ಇಳಿದುಬಿಡುತ್ತಿದ್ದೆ. ಕೈಕೆಲಸ ನನಗೆ ಬಾರದು. ಬೇರೆಯವರದ್ದರಲ್ಲಿ ಕೊಂಕು ತೆಗೆಯುವುದು ಮಾತ್ರ ಬರುತ್ತದೆ.

ಆ ಶನಿವಾರ ಬೆಳಗ್ಗೆ ನಮ್ಮ ಮನೆಯವರು ಮಗಳನ್ನು ಈಜಿನ ಕ್ಲಾಸಿಗೆ ಕರೆದುಕೊಂಡು ಹೋದರು. ಪ್ರವಾಸಕ್ಕೆಂದು ಕೊಂಡು, ಆಮೇಲೆ ಬೀರುವಿನಲ್ಲಿ ಮಲಗಿದ್ದ ಅವರ ಡಿಜಿಟಲ್ ಕ್ಯಾಮೆರಾ ತೆಗೆದೆ. ನನ್ನ ಫೋನಿನಲ್ಲಿ ಬಟ್ಟೆಯ ನೂಲು ಸ್ಪಷ್ಟವಾಗಿ ಬರುತ್ತಿರಲಿಲ್ಲ. ಬಾಲ್ಕನಿಯ ಬಾಗಿಲ ಬಳಿ ನೆಲದ ಮೇಲೆ ಬಿಳಿ ಪಂಚೆ ಹಾಸಿ, ಪುಸ್ತಕ ಬಿಚ್ಚಿಟ್ಟೆ. ಮೊದಲು ತೆರೆದದ್ದು ಜಯಂತಿಯ ಹಾಳೆ, ಆ ಬಟ್ಟೆಯೇ ಎಲ್ಲಕ್ಕಿಂತ ಚೆಂದವಿತ್ತು.

ಫ್ಯಾನಿನ ಗಾಳಿಗೆ ಹಾಳೆಯ ಮೂಲೆ ಏಳುತ್ತಿತ್ತು. ದೇವರ ಗೂಡಿನಿಂದ ಹಿತ್ತಾಳೆಯ ಕುಂಕುಮದ ಭರಣಿ ತಂದು ಆ ಮೂಲೆಗೆ ಭಾರಕ್ಕೆ ಇಟ್ಟೆ. ಕ್ಯಾಮೆರಾದಲ್ಲಿ ನೋಡಿದರೆ ಎಂಥಾ ಚೆಂದ! ಬೂದು ಬಟ್ಟೆ, ನೀಲಿ ಅಕ್ಷರ, ಪಕ್ಕದಲ್ಲಿ ಹೊಳೆಯುವ ಹಿತ್ತಾಳೆ. ಹೆಸರು ಭರಣಿಯ ಕೆಳಗೆ ಮುಚ್ಚಿಹೋಗಿತ್ತು. ಹೆಸರಿಲ್ಲದೆ ಓದಿದರೆ ಆ ಸಾಲು ಕವಿತೆಯ ಹಾಗಿತ್ತು. ಇದು ಸರಿಯಾಗಿತ್ತು, ತಪ್ಪು ನನ್ನದು.

ಇಲ್ಲಿಯವರೆಗಿನದು ಆಕಸ್ಮಿಕ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಎರಡನೇ ಹಾಳೆಗೆ ಭರಣಿ ಇಟ್ಟದ್ದು ಆಕಸ್ಮಿಕವಲ್ಲ. ಆಗ ನಾನು ಫ್ಯಾನ್ ಆರಿಸಿಯಾಗಿತ್ತು. ನಾಗರತ್ನ ಎಂಬ ಹೆಸರು ಪೂರ್ತಿ ಮುಚ್ಚುವ ಹಾಗೆ, 'ನಾ' ಸ್ವಲ್ಪ ಕಾಣುತ್ತದೆ ಎಂದು ಭರಣಿಯನ್ನು ಬೆರಳಿನಿಂದ ಸರಿಸಿ ಸರಿಸಿ ಇಟ್ಟೆ. ಹಾಗೆ ಹನ್ನೆರಡು ಹಾಳೆ ತೆಗೆದೆ. ಲ್ಯಾಪ್‌ಟಾಪಿಗೆ ಹಾಕಿ, ಗುಂಪಿಗೆ ಏರಿಸಿ, ಮೇಲೆ ಬರೆದೆ: "ಬಹಳ ವರ್ಷದಿಂದ ಕೂಡಿಟ್ಟುಕೊಂಡ ಚೂರುಗಳು, ಜೊತೆಗೆ ಮನಸ್ಸಿಗೆ ಬಂದ ಸಾಲುಗಳು." ಯಾರು ಕೂಡಿಟ್ಟದ್ದು, ಯಾರ ಮನಸ್ಸಿಗೆ ಬಂದದ್ದು ಎಂದು ಬರೆಯಲಿಲ್ಲ. ಬರೆಯದಿದ್ದರೆ ಜನ ಏನೆಂದುಕೊಳ್ಳುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹೊಗಳಿಕೆ ಬಂದದ್ದೇ ಬಂದದ್ದು. "ನಿಮ್ಮೊಳಗೆ ಇಂಥ ಕವಿ ಇದ್ದಾಳೆ ಅಂತ ಗೊತ್ತೇ ಇರಲಿಲ್ಲ ಕಣ್ರೀ" ಎಂದು ಮೂರನೇ ಮಹಡಿಯವರು ಬರೆದರು. ಜಯಂತಿಯ ಹಾಳೆಗೇ ಎಲ್ಲಕ್ಕಿಂತ ಹೆಚ್ಚು. ನಾನು ಒಬ್ಬೊಬ್ಬರಿಗೂ ಕೈಮುಗಿಯುವ ಚಿತ್ರ ಹಾಕುತ್ತಾ ಕೂತೆ. ಸುಳ್ಳು ಹೇಳಲಾರೆ, ತುಂಬಾ ಸಂತೋಷವಾಗಿತ್ತು.

ಆಗ ಒಬ್ಬರು ಕೇಳಿದರು. "ಎಲ್ಲಾ ಫೋಟೋದಲ್ಲೂ ಒಂದು ಪುಟ್ಟ ಕೆಂಪು ಬಾಣ ಭರಣಿ ಕಡೆಗೆ ತೋರಿಸ್ತಿದೆಯಲ್ಲ, ಅದಕ್ಕೇನರ್ಥ?"

ಕ್ಯಾಮೆರಾದ ಸಣ್ಣ ಪರದೆಯಲ್ಲಿ ನಾನೂ ಒಂದು ಕೆಂಪು ಚುಕ್ಕೆ ಕಂಡಿದ್ದೆ. ಕುಂಕುಮ ಉದುರಿದೆ ಎಂದುಕೊಂಡು ಸೆರಗಿನಿಂದ ಹಾಳೆ ಒರೆಸಿಯೂ ಇದ್ದೆ. ಈಗ ಫೋಟೋ ದೊಡ್ಡದು ಮಾಡಿ ನೋಡಿದೆ. ಚುಕ್ಕೆಯಲ್ಲ. ಬಾಣ. ಕಿರುಬೆರಳ ಉಗುರಿನಷ್ಟು, ಅಂಚು ಚೂಪಾಗಿ ಕತ್ತರಿಸಿದ್ದು, ಹಾಳೆಯ ಮೇಲೆ ಅಂಟಿಸಿದ ಹಾಗೆ. ಹನ್ನೆರಡು ಫೋಟೋದಲ್ಲಿ ಹನ್ನೆರಡು. ಹೆಸರಿದ್ದ ಜಾಗಕ್ಕೇ ಅದರ ತುದಿ. ಭರಣಿ ಸ್ವಲ್ಪ ಎಡಕ್ಕಿದ್ದ ಕಡೆ ಬಾಣವೂ ಎಡಕ್ಕೆ ತಿರುಗಿತ್ತು.

ಎದ್ದು ಹೋಗಿ ಪುಸ್ತಕ ನೋಡಿದೆ. ಹನ್ನೆರಡು ಹಾಳೆಯನ್ನೂ ಬಿಸಿಲಿಗೆ ಹಿಡಿದು ನೋಡಿದೆ. ಬಾಣ ಇರಲಿಲ್ಲ. ಬೆರಳಲ್ಲಿ ಸವರಿದೆ, ಏನೂ ಇರಲಿಲ್ಲ. ಆದರೆ ನಾನು ಟೆಸ್ಟರ್ ಅಲ್ಲವೇ? ಬಾಗಿಲ ಬಳಿ ಕೂತು ಪರೀಕ್ಷೆ ಶುರು ಮಾಡಿದೆ.

ಜಯಂತಿಯ ಹಾಳೆ ತೆರೆದು ಮೂಲೆಗೆ ಭರಣಿ ಇಟ್ಟು ತೆಗೆದೆ. ಬಾಣ ಬಂತು. ಭರಣಿ ತೆಗೆದು, ಹೆಸರು ಕಾಣುವ ಹಾಗೆ ತೆಗೆದೆ, ಬರಲಿಲ್ಲ. ಭರಣಿಯ ಹೊಳಪಿನ ದೋಷವಿರಬಹುದೆಂದು ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಸ್ಟೀಲ್ ಲೋಟ ಇಟ್ಟೆ. ಬಂತು. ಮಗಳ ರಬ್ಬರ್ ಇಟ್ಟೆ, ಬಂತು. ಬರೇ ನನ್ನ ಅಂಗೈ ಅಡ್ಡ ಹಿಡಿದೆ, ಬಾಣ ನನ್ನ ಮಣಿಕಟ್ಟಿನ ಪಕ್ಕ ಬಂತು. ಹೆಸರಿಲ್ಲದ ಎಡಗಡೆಯ ಮೂಲೆಯನ್ನು ಮುಚ್ಚಿ ತೆಗೆದರೆ ಬರಲಿಲ್ಲ. ಬೇರೆ ಹಾಳೆಗಳಲ್ಲೂ ಅದೇ. ಹತ್ತು ಸಲ ಹೆಸರು ಮುಚ್ಚಿದೆ, ಹತ್ತು ಸಲವೂ ಬಂತು. ಆಫೀಸಿನಲ್ಲಾಗಿದ್ದರೆ ಇಷ್ಟು ಸ್ಪಷ್ಟವಾದ ದೋಷ ಸಿಕ್ಕಿತೆಂದು ಬೆನ್ನು ತಟ್ಟುತ್ತಿದ್ದರು.

ಅಷ್ಟರಲ್ಲಿ ನಮ್ಮ ಮನೆಯವರು ಮಗಳೊಂದಿಗೆ ಬಂದರು. ಅವರಿಗೂ ಬಾಣ ಕಂಡಿತು, ಆದರೆ ಅವರೇನೂ ಗಾಬರಿಯಾಗಲಿಲ್ಲ. "ಲೆನ್ಸ್‌ನಾಗ ಏನೋ ಕುಂತೈತಿ ನೋಡು" ಎಂದು ಬನಿಯನ್ ತುದಿಯಿಂದ ಒರೆಸಿದರು. ತಾವೇ ಭರಣಿ ಇಟ್ಟು ಒಂದು ಫೋಟೋ ತೆಗೆದರು. ಬಾಣ ಇತ್ತು. "ಕ್ಯಾಮೆರಾ ಕೆಟ್ಟೈತಿ, ರಿಪೇರಿಗೆ ಕೊಟ್ರಾತು" ಎಂದರು. ಆಮೇಲೆ ಭರಣಿ ಎತ್ತಿ ಕೆಳಗಿನ ಹೆಸರು ನೋಡಿ, "ಅಲ್ಲಾ, ಭರಣಿ ಯಾಕ ಇಟ್ಟೀ ಇದರ ಮ್ಯಾಲ? ಹೆಸರು ಮುಚ್ಚತೈತಲ್ಲ?" ಎಂದು ಕೇಳಿದರು.

"ಚೆಂದ ಕಾಣ್ತತಿ ಅಂತ" ಎಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಮಗಳಿಗೆ ಹಸಿವಾಗಿದೆ ಎಂದು ಅಡುಗೆಮನೆಗೆ ಹೋದರು.

ಊಟ ಮಾಡಿ ಬಂದು ಲ್ಯಾಪ್‌ಟಾಪ್ ತೆರೆದಾಗ ಜಯಂತಿಯ ಹಾಳೆಯ ಕೆಳಗೆ ಹೊಸದೊಂದು ಪ್ರಶ್ನೆ ಬಂದಿತ್ತು. ಹೆಸರಿನ ಜಾಗದಲ್ಲಿ ಯಾವುದೋ ಬ್ಲೌಸ್ ಅಂಗಡಿಯ ಹೆಸರು, ಮುಖದ ಜಾಗದಲ್ಲಿ ದಾಸವಾಳದ ಚಿತ್ರ. ಮಾತು ಮಾತ್ರ ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ.

"ಮೇಡಂ ಈ ಗೆರೆ ಬಟ್ಟೆ ನಾನು ಹೊಲಿದಂಗಿದೆ. ನಾನು ಮೊದಲು ಪೀಣ್ಯದಲ್ಲಿದ್ದೆ. ಆ ಭರಣಿ ಸ್ವಲ್ಪ ಸರಿಸಿ ತೋರಿಸ್ತೀರಾ, ಕೆಳಗೆ ಏನೋ ಬರೆದಿದೆ ಅನ್ಸುತ್ತೆ."

ನೀವೇ ಹೇಳಿ, ನಾನು ಮಾಡಬೇಕಾಗಿದ್ದದ್ದು ಎಷ್ಟರದ್ದು? ಹೆಸರು ಕಾಣುವ ಫೋಟೋ ಕ್ಯಾಮೆರಾದಲ್ಲಿ ಆಗಲೇ ಇತ್ತು. ಪರೀಕ್ಷೆಗೆಂದು ನಾನೇ ತೆಗೆದದ್ದು. ಅದನ್ನು ಹಾಕಿ, ಇದು ಮಂಗಳಕ್ಕನ ಪುಸ್ತಕ, ನೀವು ಜಯಂತಿಯೇನಮ್ಮಾ ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಆ ಹೊತ್ತಿನಲ್ಲಿ ನನ್ನ ತಲೆಗೆ ಬಂದದ್ದು ಲಿಫ್ಟು. ಲಿಫ್ಟಿನಲ್ಲಿ ಮೂರನೇ ಮಹಡಿಯವರು, ಅವರ ಮುಖ, ನಾನು ಇಳಿದ ಮೇಲೆ ಅವರಾಡುವ ಮಾತು. ಕವಿಯಂತೆ, ಕದ್ದ ಕವಿ. ಹನ್ನೆರಡು ಫೋಟೋ ಇದ್ದ ಆ ಇಡೀ ಬರಹವನ್ನೇ ಅಳಿಸಿಹಾಕಿದೆ. ಖಂಡಿತಾ ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದು ಒತ್ತಿದೆ.

ಅದರ ಜೊತೆಗೆ ಆ ಹೆಂಗಸಿನ ಮಾತೂ ಹೋಯಿತು. ಅರ್ಧ ಗಂಟೆಯ ಮೇಲೆ ಬುದ್ಧಿ ಬಂದು, ಬ್ಲೌಸ್ ಅಂಗಡಿಯ ಹೆಸರು ನೆನಪು ಮಾಡಿಕೊಳ್ಳಲು ನೋಡಿದರೆ ದಾಸವಾಳ ಬಿಟ್ಟು ಏನೂ ನೆನಪಾಗಲಿಲ್ಲ. ಗುಂಪಿನಲ್ಲಿದ್ದವರ ಪಟ್ಟಿಯನ್ನೆಲ್ಲ ಸಂಜೆಯವರೆಗೆ ಹುಡುಕಿದೆ. ಬ್ಲೌಸು, ಟೈಲರ್ಸು, ಬೊಟಿಕ್ಕು ಎಂದು ಲೆಕ್ಕವಿಲ್ಲದಷ್ಟು ಇದ್ದವು. ನಾಲ್ಕೈದು ಜನಕ್ಕೆ ಬರೆದು ಕೇಳಿದೆ. ಅವರಲ್ಲಿ ಯಾರೂ ಅಲ್ಲ.

ಮರುದಿನ ಭಾನುವಾರ. ಪುಸ್ತಕ ವಾಪಸು ಕೊಡುತ್ತೇನೆಂದು ಮೊದಲೇ ಹೇಳಿದ್ದೆ. ಎರಡು ಬಸ್ಸು ಬದಲಿಸಿ ರಾಜಗೋಪಾಲನಗರಕ್ಕೆ ಹೋದೆ. ದಾರಿಯುದ್ದಕ್ಕೂ ಎಲ್ಲವನ್ನೂ ಹೇಳಿಬಿಡಬೇಕು ಎಂದು ಮಾತು ಜೋಡಿಸುತ್ತಾ ಹೋದೆ. ಮಂಗಳಕ್ಕ ಯಾರದ್ದೋ ರೇಷ್ಮೆ ಸೀರೆ ಮಡಿಲಲ್ಲಿಟ್ಟುಕೊಂಡು ಫಾಲ್ ಹಾಕುತ್ತಿದ್ದರು. ನನ್ನನ್ನು ಕಂಡದ್ದೇ ಸೀರೆ ಬದಿಗಿಟ್ಟರು.

"ಆಕುದ್ಯಾ? ಜಯಂತಿ ಆಳೆ ಆಕುದ್ಯಾ?"

"ಹಾಕಿದೆ ಅಕ್ಕ."

"ಎಸ್ರು ಕಾಣಂಗೆ?"

"ಹ್ಞೂಂ."

"ಯಾರೂ ಏನೂ ಕೇಳ್ಲಿಲ್ವಾ?"

"ಇಲ್ಲ ಅಕ್ಕ, ಯಾರೂ ಕೇಳಲಿಲ್ಲ" ಎಂದೆ.

ಮಂಗಳಕ್ಕ ಸೂಜಿಯನ್ನು ರವಿಕೆಗೆ ಚುಚ್ಚಿಕೊಂಡರು. "ಓಗ್ಲಿ ಬಿಡವ್ವಾ. ನೋಡಿದ್ರೂ ನೋಡಿರ್ತಾಳೆ. ನನ್ ಮ್ಯಾಲೆ ಕ್ವಾಪ ಇರ್ತದಲ್ಲಾ, ಯಾಕ್ ಕೇಳ್ತಾಳೆ? ನಾ ಮಾಡಿದ್ದೇನ್ ಸಣ್ ತ್ಯಪ್ಪಾ?" ಎಂದರು. ಆಮೇಲೆ ನನಗೆಂದು ಬಿಸಿ ಮುದ್ದೆ ಕಟ್ಟಿದರು.

ಉಂಡು ಕೈತೊಳೆದ ಮೇಲೆ, ತಡೆಯಲಾರದೆ ಕೇಳಿದೆ. "ಅಕ್ಕ, ಆ ಬಾಣದ ಸ್ಟಿಕ್ಕರು ನಿಮ್ಮ ಹತ್ತಿರ ಇನ್ನೂ ಇವೆಯಾ?"

"ಎಲ್ಬಂತು? ಮುಚ್ಚಿದ್ ದಿನ ಸುರುಳಿನೆಲ್ಲಾ ವಾಪಸ್ ಕೊಟ್ ಬಂದೆ. ಒಂದ್ ಮಾತ್ರ ಮಡೀಕಂಡಿದ್ದೆ, ಜಯಂತಿ ಶರ್ಟಿಗೆ ಅಂಟ್ಸಿದ್ನಲ್ಲ, ಅದ್ನೇ. ಕಿತ್ತು ಆ ಆಳೇಗೇ ಅಂಟ್ಸಿದ್ದೆ, ಅವ್ಳ ಎಸ್ರಿನ ಮಗ್ಗುಲಿಗೆ. ನೋಡ್ಲಿಲ್ವಾ ನೀನು?" ಎನ್ನುತ್ತಾ ಅವರು ಪುಸ್ತಕ ಬಿಚ್ಚಿದರು.

ಬಾಣ ಇರಲಿಲ್ಲ. ಜಯಂತಿ ಎಂಬ ಹೆಸರಿನ ಪಕ್ಕದಲ್ಲಿ, ಹಳದಿಯಾದ ಹಾಳೆಯಲ್ಲಿ, ಬಾಣದಾಕಾರದ ಒಂದು ಬಿಳಿ ಗುರುತು ಇತ್ತು. ತಪ್ಪು ಹುಡುಕಿ ಸಂಬಳ ಎಣಿಸುವ ನಾನು ಅದನ್ನು ಹಿಂದಿನ ದಿನ ಬಿಸಿಲಿಗೆ ಹಿಡಿದರೂ ಕಂಡಿರಲಿಲ್ಲ, ಬಾಣ ಇದ್ದಾಗಲೂ ಬಟ್ಟೆಯ ಚೆಂದ ನೋಡುತ್ತಾ ಅದನ್ನು ಗಮನಿಸಿರಲಿಲ್ಲ. "ಅಳೇ ಗೋಂದು, ಎಲ್ಲೋ ಉದ್ರೋಗದೆ" ಎಂದರು ಮಂಗಳಕ್ಕ. ಉದುರಿದ್ದು ಅವರಿಗೆ ಬೇಸರವಾಯಿತೆಂದು ಮುಖದಲ್ಲೇ ಗೊತ್ತಾಗುತ್ತಿತ್ತು.

ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ದೇವರ ಗೂಡಿಗೆ ಹೋಗಿ ಭರಣಿ ತಿರುಗಿಸಿ ನೋಡಿದೆ. ಅದರ ತಳಕ್ಕೆ, ಮಾಸಿದ ಕೆಂಪಿನ, ಒಂದು ಮೂಲೆ ಮಡಚಿದ ಬಾಣ ಅಂಟಿಕೊಂಡಿತ್ತು.

ಅಲ್ಲಿಗೆ ಒಗಟು ಬಿಡಿಸಿದಂತಾಯಿತು ಎಂದುಕೊಳ್ಳುತ್ತೀರಿ. ನಾನೂ ಒಂದು ಗಳಿಗೆ ಹಾಗೇ ಅಂದುಕೊಂಡೆ. ಮೊದಲ ಹಾಳೆಯ ಮೇಲೆ ಭರಣಿ ಇಟ್ಟಾಗ ಬಾಣ ಅದರ ತಳಕ್ಕೆ ಅಂಟಿಕೊಂಡು ಬಂದಿದೆ, ಸರಿ. ಆದರೆ ತಳದಲ್ಲಿ ಅಂಟಿದ್ದು, ಹಿತ್ತಾಳೆಯ ಭರಣಿಯಡಿ ಮುಚ್ಚಿಹೋಗಿದ್ದು, ಹಾಳೆಯ ಮೇಲೆ ಪಕ್ಕದಲ್ಲಿ ಕಂಡದ್ದು ಹೇಗೆ? ಭರಣಿ ಕಿಟಕಿಯ ಕಟ್ಟೆಯ ಮೇಲಿದ್ದಾಗ ಲೋಟದ ಪಕ್ಕ, ರಬ್ಬರಿನ ಪಕ್ಕ, ನನ್ನ ಅಂಗೈ ಪಕ್ಕ ಬಂದದ್ದು ಯಾವ ಬಾಣ? ಫೋಟೋದಲ್ಲಿದ್ದವು ಹೊಸದಾಗಿ ಸುರುಳಿಯಿಂದ ಕಿತ್ತ ಹಾಗೆ ಕಡುಗೆಂಪಗಿದ್ದವು. ಇದು ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಕ್ಯಾಮೆರಾ ರಿಪೇರಿಯವನು ಎಲ್ಲಾ ಬಿಚ್ಚಿ ನೋಡಿ, "ಏನೂ ಪ್ರಾಬ್ಲಂ ಇಲ್ಲ ಮೇಡಂ, ಸುಮ್ನೆ ದುಡ್ಡು ಕೊಡ್ಬೇಡಿ" ಎಂದು ವಾಪಸು ಕೊಟ್ಟ. ಹೆದರಿ ನಾನು ನನ್ನ ಫೋಟೋಗಳನ್ನೆಲ್ಲ ಅಳಿಸಿದ್ದೆ. ನಮ್ಮ ಮನೆಯವರು ತೆಗೆದ ಒಂದು ಮಾತ್ರ ಉಳಿದಿದೆ. ಈಗಲೂ ತೆರೆದರೆ ಬಾಣ ಅಲ್ಲೇ ಇದೆ. ಎಷ್ಟು ದೊಡ್ಡದು ಮಾಡಿ ನೋಡಿದರೂ ನನಗೆ ಅದರ ತಳಬುಡ ತಿಳಿದಿಲ್ಲ.

ತಿಂಗಳ ಮೇಲೆ ಪುಸ್ತಕವನ್ನು ಮತ್ತೆ ಕೇಳಿ ತಂದು, ಎಲ್ಲಾ ಹಾಳೆಗಳ ಫೋಟೋವನ್ನೂ ಹೆಸರು ಕಾಣುವ ಹಾಗೆ ತೆಗೆದು ಅದೇ ಗುಂಪಿಗೆ ಏರಿಸಿದೆ. ತಮ್ಮ ಹೆಸರು ಬೇಡವೆಂದು ಅವರು ಹೇಳಿದ್ದರೂ, ಮಂಗಳಕ್ಕನ ಪುಸ್ತಕ ಎಂದೂ ಬರೆದೆ. ನಾಗರತ್ನ ಸಿಕ್ಕಿದರು. ಶಬೀನಾಳ ಮಗ, ಆ ದಿನ ನಡೆದವನೇ, ಈಗ ಮೀಸೆ ಬಂದವನು, ಅಮ್ಮನ ಪರವಾಗಿ ಬರೆದ. ದಾಸವಾಳದ ಚಿತ್ರದವರು ಮತ್ತೆ ಬರಲಿಲ್ಲ. ಮೂರನೇ ಮಹಡಿಯವರು ಈಗ ಲಿಫ್ಟಿನಲ್ಲಿ ನನ್ನೊಡನೆ ಬಿಸಿಲು ಮಳೆಯ ಮಾತಷ್ಟೇ ಆಡುತ್ತಾರೆ, ಅದು ನನಗೆ ಆಗಬೇಕಾದದ್ದೇ. ಪ್ರತಿ ಯುಗಾದಿಗೆ ಫೋನ್ ಮಾಡಿದಾಗ ಮಂಗಳಕ್ಕ, "ಜಯಂತಿ ಏನಾರ ಕೇಳುದ್ಲಾ?" ಎನ್ನುತ್ತಾರೆ. ಇಲ್ಲ ಅಕ್ಕ ಎನ್ನುತ್ತೇನೆ. ತನ್ನ ಮೇಲಿನ ಕೋಪಕ್ಕೇ ಅವಳು ಕೇಳುತ್ತಿಲ್ಲ ಎಂದು ಅವರು ಏಳು ವರ್ಷದಿಂದ ನಂಬಿದ್ದಾರೆ.

ಇದು ಅಚ್ಚಾದರೆ ಮೊದಲು ತೆಗೆದುಕೊಂಡು ಹೋಗಿ ಅವರ ಎದುರು ಕೂತು ಓದಬೇಕೆಂದಿದ್ದೇನೆ. ಆ ಬಾಣವನ್ನೂ ಕೊಟ್ಟುಬರಬೇಕು. ಅವರು ಬೈದರೆ ಬೈಸಿಕೊಳ್ಳುತ್ತೇನೆ. ಬೈಯದಿದ್ದರೆ ಏನು ಮಾಡಬೇಕೋ ಗೊತ್ತಿಲ್ಲ.

ಇನ್ನು ಜಯಂತಿಯವರೇ, ಆ ಶನಿವಾರ ಕೇಳಿದವರು ನೀವೇ ಆಗಿದ್ದರೆ, ಇದು ನಿಮ್ಮ ಕಣ್ಣಿಗೆ ಬಿದ್ದಿದ್ದರೆ, ಭರಣಿಯ ಕೆಳಗೆ ಇದ್ದದ್ದು ನಿಮ್ಮ ಹೆಸರು. ಬರೆದವರು ನಿಮ್ಮ ಚೆಕ್ಕರ್ ಮಂಗಳಕ್ಕ, ರಾಜಗೋಪಾಲನಗರದ ಅದೇ ಮನೆಯಲ್ಲಿದ್ದಾರೆ. ನೀವು ಹೊಲಿದ ಜೇಬಿನ ಗೆರೆ ಕೂಡಿತ್ತು. ನೀವು ಕೇಳಿದ್ದೂ ಸರಿಯಾಗಿತ್ತು. ತಪ್ಪು ನನ್ನದು.